ಮಿಂಡನ್ ಕದನ: ಆದೇಶ ತಪ್ಪಿ ತಲುಪಿದ ದಿನ

ಯುವ ಅಧಿಕಾರಿಗಳಿಗೆ ಯುದ್ಧ ಇತಿಹಾಸ ಕಲಿಸುವಾಗ ನಾನು ಮಿಂಡನ್ ಕದನವನ್ನು ಬಿಡುವುದೇ ಇಲ್ಲ. ನಕ್ಷೆ ಆಮೇಲೆ ನೋಡೋಣ, ಯಾರು ಯಾರಿಗೆ ಏನು ಹೇಳಿ ಕಳಿಸಿದರು ಅನ್ನುವುದನ್ನು ಮೊದಲು ಹುಡುಕಿ ಎನ್ನುತ್ತೇನೆ.

ಬ್ರಿಟನ್ ಮತ್ತು ಫ್ರಾನ್ಸ್ ಎದುರುಬದುರಾಗಿದ್ದ ಏಳು ವರ್ಷಗಳ ಯುದ್ಧದ ಸಮಯ. 1759ರಲ್ಲಿ ಮಾರ್ಷಲ್ ಕೊಂತಾದ್‌ನ ಫ್ರೆಂಚ್ ಸೇನೆ ಜರ್ಮನಿಯೊಳಗೆ ನುಗ್ಗಿ, ವೇಸರ್ ನದಿ ದಂಡೆಯ ಮಿಂಡನ್ ಹಿಡಿದಿತ್ತು. ಮುಂದಿನ ಗುರಿ ಹ್ಯಾನೋವರ್, ಬ್ರಿಟಿಷ್ ದೊರೆ ಎರಡನೇ ಜಾರ್ಜ್‌ನ ತವರು. ಎದುರು ನಿಂತವನು ಬ್ರನ್ಸ್‌ವಿಕ್‌ನ ಫರ್ಡಿನಾಂಡ್. ಬ್ರಿಟಿಷರು, ಹಲವು ಜರ್ಮನ್ ಸಂಸ್ಥಾನದವರು ಸೇರಿ ಅವನ ಬಳಿ ಸುಮಾರು 40,000 ಮಂದಿ. ಫ್ರೆಂಚರು ಇನ್ನೂ ಜಾಸ್ತಿ.

ಆಗಸ್ಟ್ 1ರ ಬೆಳಿಗ್ಗೆ ಫರ್ಡಿನಾಂಡ್ ಕಾಲಾಳುಗಳಿಗೆ ಹೇಳಿ ಕಳಿಸಿದ್ದು ಇಷ್ಟೇ: ಮುನ್ನಡೆಯುವ ಹೊತ್ತು ಬಂದಾಗ ಡೋಲು ಬಾರಿಸುತ್ತಾ ಸಾಗಿ. ಅವರಿಗೆ ಕೇಳಿಸಿದ್ದು, ಈಗಲೇ ಡೋಲು ಬಾರಿಸಿ ಹೊರಡಿ ಅಂತ. ಆರು ಬ್ರಿಟಿಷ್ ಪಡೆಗಳು ಹೊರಟೇಬಿಟ್ಟವು. ಹ್ಯಾನೋವರ್ ಗಾರ್ಡ್ಸ್ ಜೊತೆಗೂಡಿದರು. ಕೊಂತಾದ್ ಅಂದು ಕುದುರೆ ಪಡೆಯನ್ನು ನಡುವೆ ನಿಲ್ಲಿಸಿದ್ದ. ಸಾಮಾನ್ಯವಾಗಿ ಅದು ಪಕ್ಕಗಳಲ್ಲಿ ಇರಬೇಕು. ಬಯಲಲ್ಲಿ ಕಾಲಾಳುಗಳು ಕುದುರೆ ಪಡೆಯ ಮೇಲೆ ನಡೆದುಹೋಗುವುದು ಸಾವನ್ನು ಕರೆದಂತೆ. ಆದರೆ ಇವರು ಕುದುರೆಗಳು ತೀರಾ ಹತ್ತಿರ ಬರುವವರೆಗೂ ಕಾದು ಗುಂಡು ಹಾರಿಸಿದರು. ಮತ್ತೆ ಮತ್ತೆ ಬಂದ ದಾಳಿಗಳು ಒಡೆದುಹೋದವು. ಆ ಶಿಸ್ತಿಗೆ ಇಂದಿಗೂ ನನ್ನ ತಲೆ ಬಾಗುತ್ತದೆ.

ಸೋತ ಫ್ರೆಂಚರನ್ನು ಅಟ್ಟಲು ಈಗ ಅಶ್ವದಳ ಬೇಕಿತ್ತು. ಅದರ ನಾಯಕ ಲಾರ್ಡ್ ಜಾರ್ಜ್ ಸ್ಯಾಕ್‌ವಿಲ್. ಒಬ್ಬ ದೂತ ಬಂದು ಇಡೀ ಅಶ್ವದಳ ಹೊರಡಲಿ ಎಂದ. ಇನ್ನೊಬ್ಬ, ಬ್ರಿಟಿಷ್ ದಳ ಮಾತ್ರ ಎಂದ. ಸ್ಯಾಕ್‌ವಿಲ್ ಸ್ಪಷ್ಟನೆ ಕೇಳಲು ತಾನೇ ಫರ್ಡಿನಾಂಡ್ ಹತ್ತಿರ ಹೋದ. ಅಶ್ವದಳದ ಎರಡನೇ ಸಾಲಿನ ನಾಯಕ ಗ್ರಾನ್ಬಿ ಹೊರಟಾಗ ಅವನನ್ನೂ ತಡೆದ. ಅವಕಾಶ ಕೈ ತಪ್ಪಿತು. ಗೆದ್ದರೂ ಫ್ರೆಂಚ್ ಸೇನೆ ಪೂರ್ತಿ ನಾಶವಾಗಲಿಲ್ಲ.

1760ರ ಕೋರ್ಟ್ ಮಾರ್ಷಲ್ ಸ್ಯಾಕ್‌ವಿಲ್‌ನನ್ನು ಸೇನೆಯ ಯಾವ ಹುದ್ದೆಗೂ ನಾಲಾಯಕ್ ಎಂದಿತು. ನನ್ನ ಪ್ರಕಾರ ತಪ್ಪು ಅವನದೇ. ಎರಡು ಆದೇಶಗಳ ನಡುವೆ ಗೊಂದಲ ಇದ್ದದ್ದು ನಿಜ. ಆದರೆ ಬ್ರಿಟಿಷ್ ದಳ ಹೊರಡಬೇಕು ಅನ್ನುವುದು ಎರಡರಲ್ಲೂ ಇತ್ತಲ್ವಾ? ಅಷ್ಟನ್ನಾದರೂ ಕೂಡಲೇ ಕಳಿಸಬೇಕಿತ್ತು.

ಆ ಹೊತ್ತಿನಲ್ಲಿ ಗ್ರಾನ್ಬಿಯ ಸಹಾಯಕನಾಗಿದ್ದ 20ರ ಹುಡುಗನ ಹೆಸರು ನಮಗೆ ಚೆನ್ನಾಗಿ ಗೊತ್ತು: ಕಾರ್ನ್‌ವಾಲಿಸ್. 1792ರ ಫೆಬ್ರವರಿಯಲ್ಲಿ ಅವನು ಶ್ರೀರಂಗಪಟ್ಟಣದ ಮೇಲೆ ಮೂರು ತುಕಡಿಗಳಲ್ಲಿ ರಾತ್ರಿ ದಾಳಿ ಮಾಡಿದ. ಅಲ್ಲೂ ಮಿಂಡನ್‌ನಂತೆ ಯೋಜನೆ ದಾರಿ ತಪ್ಪಿತು. ಬಲಗಡೆಯ ಜನರಲ್ ಮೆಡೋಸ್‌ನ ತುಕಡಿ ಯೋಜನೆಯಲ್ಲಿ ಇಲ್ಲದ ಈದ್ಗಾ ಕೋಟೆಗೆ ಮುಗಿಬಿದ್ದಿತು. ನಡುವೆ ಇದ್ದ ಕಾರ್ನ್‌ವಾಲಿಸ್ ಅದರ ನೆರವಿಲ್ಲದೆ ಟಿಪ್ಪುವಿನ ಸೈನಿಕರನ್ನು ಎದುರಿಸಬೇಕಾಯಿತು.