ಬೆಳಕಿನ ಚಿಮಟ ಹಿಡಿದ ಪರಮಾಣುಗಳು

ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಕ್ವಾಂಟಂ ಕಂಪ್ಯೂಟರ್ ಬೇಗ ಕಂಡುಹಿಡಿಯಬಲ್ಲದು ಎಂದು ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಆದರೆ ಅದರಲ್ಲಿ ಮಾಹಿತಿ ಹೊರುವ ಘಟಕವಾದ ಕ್ಯೂಬಿಟ್ ಬಲು ನಾಜೂಕು. ಲೆಕ್ಕ ಮುಗಿಯುವ ಮೊದಲೇ ಕೆಡುತ್ತದೆ. ಮರುವರ್ಷ ಅದಕ್ಕೂ ಅವರೇ ದಾರಿ ಹುಡುಕಿದರು: ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಒಂಬತ್ತರಲ್ಲಿ ಹರಡಿಟ್ಟರೆ, ಅವುಗಳಲ್ಲೊಂದು ಕೆಟ್ಟರೂ ಸರಿಪಡಿಸಬಹುದು. ಹೀಗೆ ಹಲವು ಸೇರಿ ಆಗುವುದೇ ತಾರ್ಕಿಕ ಕ್ಯೂಬಿಟ್. ಪ್ರತಿ ಹೆಜ್ಜೆಯ ತಪ್ಪು ಮಾತ್ರ ಒಂದು ಮಿತಿಯೊಳಗಿರಬೇಕು. ಮೀರಿದರೆ ರಿಪೇರಿಯೇ ಹೊಸ ತಪ್ಪುಗಳನ್ನು ತರುತ್ತದೆ.

ಕ್ಯೂಬಿಟ್‌ಗಳಾಗಿ ಬಳಸುವ ತಟಸ್ಥ ಪರಮಾಣುಗಳು ಬಹುಕಾಲ ಆ ಮಿತಿಯ ಹತ್ತಿರವೂ ಸುಳಿಯಲಿಲ್ಲ. ಒಂದೇ ಐಸೊಟೋಪಿನ ರುಬಿಡಿಯಂ ಪರಮಾಣುಗಳೆಲ್ಲ ಒಂದೇ ಅಚ್ಚು. ಕಾರ್ಖಾನೆಯ ಏರುಪೇರು ಅವಕ್ಕಿಲ್ಲ. ವಿದ್ಯುದಂಶವಿಲ್ಲದ್ದರಿಂದ ಒಂದನ್ನೊಂದು ಕೆಣಕುವುದೂ ಇಲ್ಲ. ತೊಡಕೂ ಅದೇ: ಒಂದರ ಸುದ್ದಿಗೆ ಇನ್ನೊಂದು ಹೋಗದಿದ್ದರೆ ಲೆಕ್ಕ ನಡೆಯುವುದು ಹೇಗೆ? 2000ದಲ್ಲಿ ಒಂದು ಉಪಾಯ ಹೊಳೆಯಿತು. ಲೇಸರ್‌ನಿಂದ ಹೊರಗಿನ ಎಲೆಕ್ಟ್ರಾನನ್ನು ಬಲುದೂರಕ್ಕೆ ಏರಿಸಿದರೆ ಪರಮಾಣು ಊದಿಕೊಂಡು ರಿಡ್‌ಬರ್ಗ್ ಸ್ಥಿತಿಗೆ ಹೋಗುತ್ತದೆ, ಪಕ್ಕದ್ದು ಹಾಗೆ ಏರದಂತೆ ತಡೆಯುತ್ತದೆ. 2010ರಲ್ಲಿ ವಿಸ್ಕಾನ್ಸಿನ್ ಮತ್ತು ಫ್ರಾನ್ಸಿನ ತಂಡಗಳು ಈ ತಡೆಯನ್ನೇ ಬಳಸಿ ಎರಡು ಪರಮಾಣುಗಳನ್ನು, ಒಂದರ ಸ್ಥಿತಿ ಇನ್ನೊಂದರದ್ದಕ್ಕೆ ಬೆಸೆದಿರುವ ಕ್ವಾಂಟಂ ನಂಟಿನಲ್ಲಿ ಹೆಣೆದವು. ತಪ್ಪು ಇನ್ನೂ ವಿಪರೀತವಿತ್ತು.

ನನ್ನ ಮಟ್ಟಿಗೆ ನಿಜವಾದ ತಿರುವು 2016. ಪರಮಾಣುವನ್ನು ಹಿಡಿಯುವುದು ಒಂದು ಬಿಂದುವಿನಲ್ಲಿ ಕೂಡಿಸಿದ ಲೇಸರ್, ಅದೇ ಬೆಳಕಿನ ಚಿಮಟ. ಒಂದೊಂದು ಚಿಮಟಕ್ಕೂ ಪರಮಾಣು ಸಿಗುವ ಸಾಧ್ಯತೆ ಸುಮಾರು ಅರ್ಧದಷ್ಟೇ. ಹಾರ್ವರ್ಡ್ ಮತ್ತು ಫ್ರಾನ್ಸಿನ ತಂಡಗಳು ಫೋಟೊ ತೆಗೆದು, ಖಾಲಿ ಜಾಗ ಗುರುತಿಸಿ, ತುಂಬಿದ ಚಿಮಟಗಳನ್ನು ಸರಿಸಿ ಸಾಲು ಭರ್ತಿ ಮಾಡಿದವು. 2022ರ ಹೊತ್ತಿಗೆ ಹೆಣೆದ ಪರಮಾಣುಗಳನ್ನೇ ನಂಟು ಕಡಿಯದಂತೆ, ಲೆಕ್ಕದ ನಡುವೆ ಜಾಗ ಬದಲಿಸುವಷ್ಟು ಕೈ ಪಳಗಿತ್ತು. ಚಿಪ್‌ನ ಕ್ಯೂಬಿಟ್‌ಗೆ ನೆರೆಹೊರೆ ಹುಟ್ಟಿನಿಂದಲೇ ನಿಗದಿ. ಇಲ್ಲಿ ಬೇಕಾದವರ ಪಕ್ಕ ಹೋಗಿ ಕೂರಬಹುದು. ಮಾಹಿತಿಯನ್ನು ಹಲವರಲ್ಲಿ ಹರಡಿಡುವ ಕೆಲಸಕ್ಕೆ ಇದಕ್ಕಿಂತ ಅನುಕೂಲ ಬೇರೇನು ಬೇಕು!

2023ರಲ್ಲಿ ಎರಡು ಕ್ಯೂಬಿಟ್‌ಗಳ ನಡುವಿನ ಕ್ರಿಯೆಯ ನಿಖರತೆ 99.5% ತಲುಪಿತು, ತಪ್ಪು ಕೊನೆಗೂ ಆ ಮಿತಿಯೊಳಗೆ ಬಂತು. ಅದೇ ಡಿಸೆಂಬರಿನಲ್ಲಿ ಹಾರ್ವರ್ಡ್ ತಂಡ 280 ಪರಮಾಣುಗಳಿಂದ 48 ತಾರ್ಕಿಕ ಕ್ಯೂಬಿಟ್‌ಗಳನ್ನು ಕಟ್ಟಿತು. ಸಂಖ್ಯೆ ಸುದ್ದಿಯಾಯಿತು, ಆಗಬೇಕಾದ್ದೇ. ಆದರೆ ಅಲ್ಲಿ ಬಹುಮಟ್ಟಿಗೆ ನಡೆದದ್ದು ತಪ್ಪನ್ನು ಗುರುತಿಸಿ ಆ ಫಲಿತಾಂಶ ಕೈಬಿಡುವುದು, ತಿದ್ದುವುದಲ್ಲ. ಲೆಕ್ಕ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ತಿದ್ದುತ್ತಾ ಹೋಗುವುದು ಬೇರೆಯೇ ಕೆಲಸ.

ಚಿಮಟದಿಂದ ಪರಮಾಣು ಜಾರಿಹೋಗುವುದೂ ಉಂಟು. 2025ರಲ್ಲಿ ಹಾರ್ವರ್ಡ್‌ನವರು ಹೋದದ್ದರ ಜಾಗಕ್ಕೆ ಹೊಸದನ್ನು ತುಂಬುತ್ತಾ 3,000 ಪರಮಾಣುಗಳ ಸಾಲನ್ನು ಎರಡು ಗಂಟೆಗೂ ಹೆಚ್ಚು ಕಾಲ ಉಳಿಸಿಕೊಂಡರು. ಈಗ ಕಾಡುತ್ತಿರುವುದು ವೇಗ. ಎರಡು ಪರಮಾಣುಗಳ ನಡುವಿನ ಕ್ರಿಯೆಗೆ ಒಂದು ಮೈಕ್ರೋಸೆಕೆಂಡೂ ಬೇಡ. ತಪ್ಪಾಗಿದೆಯೇ ಎಂದು ಫೋಟೊ ತೆಗೆದು ನೋಡಲು ಮಿಲಿಸೆಕೆಂಡುಗಳೇ ಬೇಕು. ತಿದ್ದುವ ಪ್ರತಿ ಸುತ್ತೂ ಆ ಫೋಟೊಗಾಗಿ ಕಾಯುತ್ತದೆ.