ಯುಗಾದಿಗೆ ವಾಕಿಂಗ್ ಶುರು ಮಾಡಿದವರಿಗೆ: ರಾಮನವಮಿವರೆಗೆ ಅವಸರ ಬೇಡ

ಯುಗಾದಿ ಕಳೆದು ವಾರ ಆಗುವಷ್ಟರಲ್ಲಿ ದಾವಣಗೆರೆಯ ನನ್ನ ಕ್ಲಿನಿಕ್‌ಗೆ ಒಂದೇ ಥರದ ತೊಂದರೆ ಹೇಳಿಕೊಂಡು ಜನ ಬರುತ್ತಾರೆ. ಹೊಸ ವರ್ಷದಿಂದ ವಾಕಿಂಗ್ ಶುರು ಮಾಡಿರುತ್ತಾರೆ. ನಾಲ್ಕೈದು ದಿನಕ್ಕೆ ತಲೆಸುತ್ತು, ತಲೆನೋವು, ಸುಸ್ತು. ಹೋದ ವರ್ಷ ಬಂದವರಲ್ಲಿ ಐವತ್ತು ದಾಟಿದ ಒಬ್ಬ ಗೃಹಿಣಿ ಇದ್ದರು. "ಮೇಡಂ, ನನಗೆ ವ್ಯಾಯಾಮ ಆಗಿಬರಲ್ಲ" ಅಂದರು. ಏನೇನು ಮಾಡಿದ್ರಿ ಅಂತ ಕೇಳಿದೆ. ಎಲ್ಲರ ತಿಂಡಿ, ಡಬ್ಬಿ ಮುಗಿಸಿ ಎಂಟೂವರೆಗೆ ಮನೆ ಬಿಟ್ಟು, ಹೊಟ್ಟೆಗೆ ಒಂದು ಲೋಟ ನಿಂಬೆ-ಜೇನುತುಪ್ಪದ ನೀರು ಮಾತ್ರ ಹಾಕಿಕೊಂಡು, ಬೆವರು ಜಾಸ್ತಿ ಬಂದರೆ ಬೊಜ್ಜು ಬೇಗ ಕರಗುತ್ತದೆ ಅಂತ ಮೇಲೊಂದು ಸ್ವೆಟರ್ ಹಾಕಿಕೊಂಡು ಒಂದು ಗಂಟೆ ನಡೆದಿದ್ದರು. ಅವರಿಗೆ ಆಗಿಬರದೇ ಇದ್ದದ್ದು ಆ ಹೊತ್ತು, ಆ ಸ್ವೆಟರ್, ಆ ಖಾಲಿ ಹೊಟ್ಟೆ.

ನಮ್ಮ ಬಯಲುಸೀಮೆಯಲ್ಲಿ ಹೊಂಗೆ ಚಿಗುರುವ ಹೊತ್ತಿಗೆ ಬಿಸಿಲೂ ಏರಿರುತ್ತದೆ. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ದಿನಗಳಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅಷ್ಟೇ ನಡಿಗೆಗೆ ಎದೆಬಡಿತ ಮೊದಲಿನಷ್ಟು ಏರುವುದಿಲ್ಲ. ಇದೆಲ್ಲ ಒಳಗೆ ನಡೆಯುವ ತನಕ ನಾವು ಕಾಯಬೇಕು ಅಲ್ವಾ?

ಅದಕ್ಕೇ ನಾನು ಒಂದು ಸುಲಭದ ಲೆಕ್ಕ ಕೊಡುತ್ತೇನೆ. ಯುಗಾದಿ ಪಾಡ್ಯಕ್ಕೆ, ರಾಮನವಮಿ ನವಮಿಗೆ. ಈ 9 ದಿನ ದೇಹಕ್ಕೆ ಬಿಟ್ಟುಕೊಡಿ. ಮೊದಲ ಮೂರು ದಿನ 15 ನಿಮಿಷ, ಆಮೇಲಿನ ಮೂರು ದಿನ 20, ಕೊನೆಯ ಮೂರು ದಿನ 25. ರಾಮನವಮಿ ಆದಮೇಲೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷ ಅಲ್ಲಿಗೆ ಸೇರುತ್ತದೆ. ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದನ್ನೂ ಸೇರಿಸಿ, ತೊಡೆಗೆ ಬಲ ಬರುತ್ತದೆ. ನಡಿಗೆ ಏಳು ಗಂಟೆಯೊಳಗೆ ಮುಗಿಯಲಿ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ನಮ್ಮ ವಾಕಿಂಗ್ ಹೊತ್ತೂ ಹಾಗೇ ಬದಲಾಗಲಿ.

ಬೆವರಿನ ವಿಷಯ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಡೆಯುವ ಮೊದಲು ಒಮ್ಮೆ ತೂಕ ನೋಡಿ, ಬಂದು ಬೆವರು ಒರೆಸಿಕೊಂಡು ಇನ್ನೊಮ್ಮೆ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅದು ಹೆಚ್ಚುಕಡಿಮೆ ಅರ್ಧ ಲೀಟರ್ ನೀರು. ಬೊಜ್ಜು ಒಂದು ಗಂಟೆಯಲ್ಲಿ ಅಷ್ಟು ಕರಗುವುದಿಲ್ಲ. ಕುಡಿದ ಕೂಡಲೇ ತೂಕ ವಾಪಸ್ ಬರುತ್ತದೆ, ಬರಲೇಬೇಕು. ದಯವಿಟ್ಟು ಸ್ವೆಟರ್ ಬೇಡ.

ಈಗ ಊಟ. ಈ ಕಾಲಕ್ಕೆ ಏನು ತಿನ್ನಬೇಕು ಅಂತ ಎಲ್ಲೆಲ್ಲೋ ಹುಡುಕುತ್ತೇವೆ, ಆದರೆ ರಾಮನವಮಿಯ ಕೋಸಂಬರಿ, ಮಜ್ಜಿಗೆ ಕಣ್ಣೆದುರೇ ಇವೆ. ಬೇಸರ ಏನೆಂದರೆ ಕೋಸಂಬರಿಯನ್ನು ಎಲೆ ತುದಿಗೆ ಒಂದು ಚಮಚ ಬಡಿಸಿ ಮುಗಿಸುತ್ತೇವೆ. 50 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ. 60 ಕಿಲೋ ತೂಕದವರಿಗೆ ದಿನಕ್ಕೆ ಬೇಕಾಗುವುದು ಸುಮಾರು 50 ಗ್ರಾಂ. ಅಂದರೆ ಒಂದು ಬಟ್ಟಲು ಕೋಸಂಬರಿಯಲ್ಲಿ ಕಾಲು ಭಾಗ ಬಂತು, ಅದೂ ಒಲೆ ಮುಂದೆ ಬೇಯದೆ!

ಮಾಡುವಾಗ ಒಂದೆರಡು ಮಾತು ನೆನಪಿಡಿ. ಬೇಳೆಯನ್ನು ಚೆನ್ನಾಗಿ ತೊಳೆದು ಒಂದು ಗಂಟೆ ನೆನೆಸಿ. ಉಗುರಿನಲ್ಲಿ ಒತ್ತಿದರೆ ಟಕ್ಕನೆ ಮುರಿಯಬೇಕು, ಅದೇ ಹದ. ಸೌತೆಕಾಯಿ, ತುರಿದ ಮಾವಿನಕಾಯಿ, ಸ್ವಲ್ಪ ಕಾಯಿತುರಿ, ಸಾಸಿವೆ ಒಗ್ಗರಣೆ. ಉಪ್ಪು ಮಾತ್ರ ಬಡಿಸುವ ಮುಂಚೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲುತ್ತದೆ, ರುಚಿ ಸಾಲದೆ ಮತ್ತೆ ಉಪ್ಪು ಹಾಕುತ್ತೇವೆ. ದಿನಕ್ಕೆ ಎಲ್ಲ ಅಡುಗೆ ಸೇರಿ ಒಬ್ಬರಿಗೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ ಸಾಕು.

ಪಾನಕದ ಬಗ್ಗೆ ನಾನು ಸ್ವಲ್ಪ ಬಿಗಿ. ಹಬ್ಬದ ದಿನ ಒಂದು ಲೋಟ ಖುಷಿಯಿಂದ ಕುಡಿಯಿರಿ. ದಿನಾ ಕುಡಿದರೆ ಬೆಲ್ಲವೂ ಸಕ್ಕರೆಯೇ, ಶುಗರ್ ಇರುವವರಿಗಂತೂ ಕೂಡಲೇ ತೋರಿಸುತ್ತದೆ. ದಿನಬಳಕೆಗೆ ನೀರು ಮಜ್ಜಿಗೆ ಇರಲಿ, ಬೆಳಿಗ್ಗೆ ಹೊರಡುವ ಮೊದಲು ಅರ್ಧ ಲೋಟ ರಾಗಿ ಅಂಬಲಿ ಅಥವಾ ಒಂದು ಬಾಳೆಹಣ್ಣು. ಹೊಟ್ಟೆ ಭಾರವಾಗದೆ ನಡೆಯಬಹುದು.

ಬಿಪಿಗೆ ಮೂತ್ರ ಜಾಸ್ತಿ ಹೋಗುವ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ನೀರು ಎಷ್ಟು ಕುಡಿಯಬೇಕು ಅಂತ ನಿಮ್ಮ ವೈದ್ಯರನ್ನೇ ಕೇಳಿ. ಬಿಸಿಲಲ್ಲಿ ಮೈ ಜುಮ್ಮೆಂದು ಚಳಿ ಬಂದಂತಾದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಂತು ನೆರಳಿಗೆ ಹೋಗಿ. ಮಾತು ತಡವರಿಸಿದರೆ, ಗೊಂದಲವಾದರೆ ಜೊತೆಗಿದ್ದವರು ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ಗೃಹಿಣಿಗೆ ಇದೆಲ್ಲ ಹೇಳಿದಾಗ ಅವರು ಸುಮ್ನೆ ನಕ್ಕು, "ಆರು ಗಂಟೆಗೆ ಹೊರಟರೆ ಡಬ್ಬಿ ಯಾರು ಕಟ್ಟೋದು?" ಅಂದರು. ನಿಜವಾದ ಅಡ್ಡಿ ಅಲ್ಲಿತ್ತು. ಪಕ್ಕದಲ್ಲೇ ಕೂತಿದ್ದ ಅವರ ಯಜಮಾನರ ಕಡೆ ತಿರುಗಿ ಬೇಳೆ ನೆನೆಸುವುದನ್ನು ಮೊದಲು ಹೇಳಿಕೊಟ್ಟೆ, ಆಮೇಲೆ ಸೌತೆಕಾಯಿ. ತಿಂಗಳು ಬಿಟ್ಟು ಬಂದಾಗ ಯಜಮಾನರೇ ನನಗೆ ಹೇಳಿದರು: "ಮೇಡಂ, ಉಪ್ಪು ಕೊನೆಗೇ ಹಾಕ್ತಿದೀನಿ."