ಕಫಾಲ ಹೋಯಿತಂತಲ್ಲ, ಇನ್ನು ಫ್ರೀ ವೀಸಾದಲ್ಲಿ ಹೋಗಬಹುದಾ?

ಪ್ರಶ್ನೆ: ಸೌದಿಯಲ್ಲಿ ಕಫಾಲ, ಅಂದರೆ ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಲಾಗದ ಪದ್ಧತಿ, ರದ್ದಾಯಿತು ಅಂತ ವಾಟ್ಸಾಪ್‌ನಲ್ಲಿ ಓದಿದೆ. ನನ್ನ ತಮ್ಮನಿಗೆ ಪರಿಚಯದವರೊಬ್ಬರು ಹೌಸ್ ಡ್ರೈವರ್ ಫ್ರೀ ವೀಸಾ ಕೊಡಿಸುತ್ತೇನೆ ಅಂದಿದ್ದಾರೆ. ಒಂದೂಮುಕ್ಕಾಲು ಲಕ್ಷ ಕೇಳುತ್ತಿದ್ದಾರೆ. ಅಲ್ಲಿಗೆ ಹೋದ ಮೇಲೆ ಯಾವ ಕಂಪನಿಗೆ ಬೇಕಾದರೂ ಸೇರಬಹುದಂತೆ. ಕಳಿಸಬಹುದಾ ಸರ್? (ಕಾಪುವಿನಿಂದ ಒಬ್ಬ ಓದುಗರು)

ಉತ್ತರ: ಬೇಡ ಅಕ್ಕ. ಕಳಿಸಬೇಡಿ.

ಇದೇ ಪ್ರಶ್ನೆ ಸುರತ್ಕಲ್‌ನಿಂದ ಬರುತ್ತದೆ, ಉಳ್ಳಾಲದಿಂದ ಬರುತ್ತದೆ, ಕುಂದಾಪುರದಿಂದಲೂ ಬರುತ್ತದೆ. ಎಷ್ಟು ಸಲ ಬರೆದರೂ ಮುಗಿಯುತ್ತಿಲ್ಲ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಕೊನೆಯವರೆಗೆ ಓದಿ, ತಮ್ಮನಿಗೂ ಓದಲು ಕೊಡಿ.

ಮೊದಲು ಕಫಾಲದ ವಿಷಯ. 2021ರ ಮಾರ್ಚ್ 14ರಿಂದ ಸೌದಿಯಲ್ಲಿ ನಿಯಮ ಬದಲಾಗಿದ್ದು ನಿಜ. ಖಾಸಗಿ ಕಂಪನಿಯಲ್ಲಿ ಒಂದು ವರ್ಷ ದುಡಿದವರು ನೋಟಿಸ್ ಕೊಟ್ಟು ಬೇರೆ ಕಂಪನಿಗೆ ಹೋಗಬಹುದು, ಕಫೀಲನ (ವೀಸಾ ಕೊಟ್ಟ ಮಾಲೀಕನ) ಒಪ್ಪಿಗೆ ಬೇಕಿಲ್ಲ. ರಜೆಗೆ ಊರಿಗೆ ಬರುವಾಗ ಎಕ್ಸಿಟ್ ರೀ-ಎಂಟ್ರಿಗೆ (ಹೋಗಿ ಮರಳುವ ಅನುಮತಿಗೆ) ತಾವೇ ಸೌದಿ ಸರ್ಕಾರದ ಅಬ್ಶರ್ ಆ್ಯಪ್‌ನಲ್ಲಿ ಅರ್ಜಿ ಹಾಕಬಹುದು. ಇದು ದೊಡ್ಡ ಬದಲಾವಣೆಯೇ. ಆದರೆ ಮನೆಯ ಡ್ರೈವರ್, ಮನೆಗೆಲಸದವರು, ತೋಟ ನೋಡಿಕೊಳ್ಳುವವರು, ಕುರಿ ಕಾಯುವವರು, ಇಷ್ಟು ಜನರನ್ನು ಅದರಿಂದ ಹೊರಗಿಟ್ಟರು. ನಿಮ್ಮ ತಮ್ಮನಿಗೆ ಕೊಡುತ್ತೇವೆ ಅಂದಿರುವುದು ಯಾವ ವೀಸಾ? ಹೌಸ್ ಡ್ರೈವರ್. ಅಂದರೆ ವಾಟ್ಸಾಪ್‌ನಲ್ಲಿ ಬಂದ ಆ ಸಿಹಿಸುದ್ದಿ ಅವನಿಗೆ ಅನ್ವಯಿಸುವುದೇ ಇಲ್ಲ. ಮನೆಗೆಲಸದವರಿಗೆ ಬೇರೆಯೇ ನಿಯಮ ಉಂಟು. ವಾರಕ್ಕೊಂದು ದಿನ ರಜೆ, ದಿನಕ್ಕೆ ಹೆಚ್ಚೆಂದರೆ 10 ಗಂಟೆ ಕೆಲಸ, ಪಾಸ್‌ಪೋರ್ಟ್ ಮಾಲೀಕರು ಇಟ್ಟುಕೊಳ್ಳುವಂತಿಲ್ಲ, ಇಷ್ಟೆಲ್ಲ ಅದರಲ್ಲಿ ಬಂದಿದೆ. ಬೇಕಾದ ಕಂಪನಿಗೆ ಹೋಗಿ ಸೇರಿಕೊಳ್ಳಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಗಲ್ಫ್ ಅಂದರೆ ಒಂದೇ ದೇಶವೂ ಅಲ್ಲ. ಕತಾರ್ 2020ರಲ್ಲಿ ಎನ್‌ಒಸಿ, ಅಂದರೆ ಕೆಲಸ ಬದಲಿಸಲು ಬೇಕಿದ್ದ ಮಾಲೀಕರ ಒಪ್ಪಿಗೆ ಪತ್ರ, ತೆಗೆಯಿತು. ಅದೇ ಕುವೈತ್ 2025ರ ಜುಲೈ 1ರಿಂದ, ಖಾಸಗಿ ಕಂಪನಿಯ ವಿದೇಶಿ ನೌಕರರು ದೇಶ ಬಿಟ್ಟು ಹೊರಡಲು ಮಾಲೀಕರಿಂದ ಎಕ್ಸಿಟ್ ಪರ್ಮಿಟ್ ತರಬೇಕು ಅಂತ ಮಾಡಿತು. ಹಾಗಾಗಿ ಒಂದು ದೇಶದ ಸುದ್ದಿ ಓದಿ ಇನ್ನೊಂದು ದೇಶಕ್ಕೆ ಬ್ಯಾಗ್ ಕಟ್ಟಬೇಡಿ.

ಈಗ ಫ್ರೀ ವೀಸಾ. ಇದನ್ನು ಬುಡಸಮೇತ ಕೀಳದೆ ನನಗೆ ಸಮಾಧಾನ ಇಲ್ಲ. ಸೌದಿ ಕಾನೂನಿನಲ್ಲಿ ಫ್ರೀ ವೀಸಾ ಅನ್ನುವ ವೀಸಾವೇ ಇಲ್ಲ. ಯುಎಇಯಲ್ಲೂ ಇಲ್ಲ, ಕುವೈತ್‌ನಲ್ಲೂ ಇಲ್ಲ. ಹಾಗಾದರೆ ಏಜೆಂಟ್ ಮಾರುತ್ತಿರುವುದು ಏನು? ಕೇಳಿ. ಅಲ್ಲಿನ ಒಂದು ಕುಟುಂಬ ಮನೆಗೆಲಸಕ್ಕೆ ಅಂತ ವೀಸಾ ಪಡೆಯಬಹುದು. ಕೆಲವರು ಕೆಲಸ ಇಲ್ಲದಿದ್ದರೂ ವೀಸಾ ತೆಗೆದು ಮಾರುತ್ತಾರೆ. ಅದು ಅಲ್ಲಿಯ ದಲ್ಲಾಳಿಯ ಕೈಗೆ ಬರುತ್ತದೆ, ಅಲ್ಲಿಂದ ಇಲ್ಲಿಯ ಏಜೆಂಟನಿಗೆ, ಅಲ್ಲಿಂದ ನಿಮ್ಮ ಮನೆ ಬಾಗಿಲಿಗೆ. ಪ್ರತಿಯೊಬ್ಬರೂ ತಮ್ಮ ಪಾಲು ಸೇರಿಸುತ್ತಾರೆ.

ಹೌಸ್ ಡ್ರೈವರ್ ವೀಸಾವೇ ಯಾಕೆ ಜಾಸ್ತಿ ಓಡುತ್ತದೆ ಗೊತ್ತಾ? ಲೆಕ್ಕ ನೋಡಿ. ವಿದೇಶಿ ನೌಕರನೊಬ್ಬನಿಗೆ ಸೌದಿ ಕಂಪನಿ ಸಾಮಾನ್ಯವಾಗಿ ತಿಂಗಳಿಗೆ 700ರಿಂದ 800 ರಿಯಾಲ್ ಲೆವಿ (ಸರ್ಕಾರಕ್ಕೆ ಶುಲ್ಕ) ಕಟ್ಟಬೇಕು. ಮನೆಯ ಡ್ರೈವರಿಗೆ ಸಾಮಾನ್ಯವಾಗಿ ಆ ಲೆವಿ ಇಲ್ಲ. ಇಕಾಮಕ್ಕೆ, ಅಂದರೆ ಅಲ್ಲಿಯ ವಾಸದ ಪರವಾನಗಿಗೆ, ವರ್ಷಕ್ಕೆ 600 ರಿಯಾಲ್ ಕಟ್ಟಿದರೆ ಮುಗಿಯಿತು. ಈ ವ್ಯತ್ಯಾಸದ ಮೇಲೆಯೇ ಇಡೀ ವ್ಯಾಪಾರ ನಿಂತಿದೆ.

ನಿಮ್ಮ ತಮ್ಮ ದಮ್ಮಾಮ್‌ನಲ್ಲಿ ಇಳಿಯುತ್ತಾನೆ. ಇಕಾಮದಲ್ಲಿ ಅವನು ಒಬ್ಬರ ಮನೆಯ ಡ್ರೈವರ್. ನಿಜವಾಗಿ ಅವನು ಯಾವುದೋ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಇಳಿಸುತ್ತಿರುತ್ತಾನೆ. ಇಕಾಮ ರಿನ್ಯೂ ಮಾಡಿಸಲು ಕಫೀಲನಿಗೆ ಕೈಯಿಂದ ದುಡ್ಡು ಕೊಡುತ್ತಾನೆ. ಅಂಗಡಿಯವರು ಎರಡು ತಿಂಗಳ ಸಂಬಳ ಕೊಡದಿದ್ದರೆ ಎಲ್ಲಿ ದೂರು ಕೊಡುತ್ತಾನೆ? ಕಾಗದದ ಪ್ರಕಾರ ಅವನು ಅಲ್ಲಿ ಕೆಲಸಕ್ಕೇ ಇಲ್ಲ. ಅಲ್ಲಿ ಬಿದ್ದು ಕಾಲು ಮುರಿದರೂ ಅಷ್ಟೇ. ಹತ್ತು ವರ್ಷ ದುಡಿದರೂ ಆ ಅಂಗಡಿಯಿಂದ ಸರ್ವಿಸ್ ದುಡ್ಡು (ಕೆಲಸ ಬಿಡುವಾಗ ಸಿಗುವ ಹಣ) ಕೇಳುವ ಹಾಗಿಲ್ಲ. ಹೊರಗೆ ತನ್ನ ಪಾಡಿಗೆ ದುಡಿಯುತ್ತಿದ್ದಾಗ ಸಿಕ್ಕಿಬಿದ್ದರೆ 50,000 ರಿಯಾಲ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು, ಆಮೇಲೆ ಗಡಿಪಾರು.

"ಇಂಥವರ ಮಗ ಹಾಗೇ ಹೋದ, ಈಗ ಚೆನ್ನಾಗಿದ್ದಾನೆ" ಅಂತ ನೀವು ಹೇಳಬಹುದು. ಇರಬಹುದು. ಅವನ ಕಫೀಲ ಒಳ್ಳೆಯವನಾಗಿದ್ದಕ್ಕೆ ಬಚಾವಾದ. ಕಷ್ಟಪಟ್ಟವರ ಮನೆಯವರು ಮಾತ್ರ ಅದನ್ನು ಮದುವೆ ಮನೆಯಲ್ಲಿ ಹೇಳುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಲೇಬೇಕು. ಹೀಗೆ ಸಿಕ್ಕಿಬಿದ್ದು ವಾಪಸ್ ಬಂದವರನ್ನು "ಕಳ್ಳ ದಾರಿಯಲ್ಲಿ ಹೋದವನು" ಅಂತ ಊರವರು ಆಡಿಕೊಳ್ಳುತ್ತಾರೆ. ನನಗೆ ಬಹಳ ಬೇಸರವಾಗುತ್ತದೆ. ಅವರು ವೀಸಾ ಹಿಡಿದು, ಮೆಡಿಕಲ್ ಮಾಡಿಸಿ, ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಸೀಲ್ ಹಾಕಿಸಿಕೊಂಡೇ ಹೋದವರು. ಇಕಾಮ ರಿನ್ಯೂ ಮಾಡಿಸುವುದು ಕಾನೂನಿನಂತೆ ಮಾಲೀಕನ ಕೆಲಸ. ಅವನು ಮಾಡಿಸದಿದ್ದರೆ, ಅಥವಾ ಕೆಲಸ ಬಿಟ್ಟು ಓಡಿಹೋಗಿದ್ದಾನೆ ಅಂತ ದೂರು (ಹುರೂಬ್) ಹಾಕಿದರೆ, ನಿನ್ನೆವರೆಗೆ ಸರಿಯಿದ್ದ ಮನುಷ್ಯ ಇವತ್ತು ಅಕ್ರಮ ವಲಸಿಗ. ಅವನ ಮೇಲೆ ಕಲ್ಲು ಎಸೆಯುವ ಮುಂಚೆ ವೀಸಾ ಮಾರಿದವರು ಯಾರು ಅಂತ ಕೇಳಿ.

ನೀವು ಕೇಳದಿದ್ದರೂ ಪಾಸ್‌ಪೋರ್ಟ್ ವಿಷಯವನ್ನೂ ಹೇಳಿಬಿಡುತ್ತೇನೆ. ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನಾ? ಆಗಿಲ್ಲದಿದ್ದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕು) ಅಂತ ಇರುತ್ತದೆ. ನಮ್ಮ ಕಡೆ ಅದನ್ನು ಅವಮಾನ ಅಂತ ತಿಳಿದಿದ್ದಾರೆ. ಹೇಗಾದರೂ ತೆಗೆಸಿ ಅಂತ ದುಂಬಾಲು ಬೀಳುತ್ತಾರೆ. ಆದರೆ ಇಸಿಆರ್ ಇದ್ದವರು ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರ ಅವರ ಕರಾರು ನೋಡುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅವರಿಗೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ವಿಮೆ. ಅಷ್ಟು ರಕ್ಷಣೆಯನ್ನು ಯಾಕೆ ಬಿಟ್ಟುಕೊಡಬೇಕು?

ಇನ್ನು ಆ ಒಂದೂಮುಕ್ಕಾಲು ಲಕ್ಷ. ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ಕೂಡ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಬೇಕು. ನೋಂದಣಿ ಇಲ್ಲದವರು ಜನರನ್ನು ಕಳಿಸುವುದೇ ಅಪರಾಧ. "ಪರಿಚಯದವರು" ಅಂದಿರಲ್ಲ, ಅವರ ಲೈಸೆನ್ಸ್ ನಂಬರ್ ಕೇಳಿ. ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ವೀಸಾ ಕಾಗದ ಕಳಿಸಿದರೆ ಎರಡು ಜಾಗ ನೋಡಿ. ಒಂದು, ಉದ್ಯೋಗ ಅಂತ ಏನು ಬರೆದಿದೆ. ಇನ್ನೊಂದು, ಸ್ಪಾನ್ಸರ್ ನಂಬರ್. ಅದು 7ರಿಂದ ಶುರುವಾದರೆ ಕಂಪನಿಯದ್ದು. 1ರಿಂದ ಶುರುವಾದರೆ ಒಬ್ಬ ವ್ಯಕ್ತಿಯ ಗುರುತಿನ ಸಂಖ್ಯೆ. ಬಾಯಲ್ಲಿ ಕಂಪನಿ ಕೆಲಸ ಅಂತ ಹೇಳಿ ಕಾಗದದಲ್ಲಿ 1 ಇದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ಅರೇಬಿಕ್ ಓದಲು ಬಾರದಿದ್ದರೆ ಫೋಟೋ ತೆಗೆದು ನನಗೆ ಕಳಿಸಿ, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಕೊಡಬೇಡಿ.